ಚಪ್ಪೆಯ ಬಟ್ಟಲು ಮತ್ತು ಅದರ ಅಂಚಿನ ಮೂಳೆಚೂರು

ಮುಂಗಾರು ಮಳೆ ಬಿದ್ದು ಬಿತ್ತನೆ ಮುಗಿದು ಕೆಲವು ವಾರಗಳಾದ ಮೇಲೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಹೊಲಗಳತ್ತ ಹೋದವರಿಗೆ ಒಂದು ನೋಟ ತಪ್ಪದೆ ಕಾಣುತ್ತದೆ. ತೊಗರಿಯ ಸಾಲುಗಳ ನಡುವೆ ಹೆಣ್ಣುಮಕ್ಕಳು ಕುಕ್ಕರುಗಾಲಿನಲ್ಲಿ ಕುಳಿತು, ಕೈಯಲ್ಲಿ ಕುರ್ಪಿ ಹಿಡಿದು, ಕಳೆ ತೆಗೆಯುತ್ತ ಹೆಜ್ಜೆ ಹೆಜ್ಜೆಯಾಗಿ ಮುಂದೆ ಸರಿಯುತ್ತಿರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅವರು ಬೆನ್ನು ನೆಟ್ಟಗೆ ಮಾಡಿ ನಿಲ್ಲುವುದು ಕೆಲವೇ ಸಲ. ಊರಿನ ಗರಡಿಯಿದ್ದರೆ ಅಲ್ಲಿ ಹುಡುಗರು ನಸುಕಿನಲ್ಲಿಯೇ ಬೈಠಕ್ ಹೊಡೆಯುತ್ತಿರುತ್ತಾರೆ. ಒಲೆಯ ಮುಂದೆ ರೊಟ್ಟಿ ಬಡಿಯುವುದಕ್ಕೂ, ಪಂಕ್ತಿಯಲ್ಲಿ ಉಣ್ಣುವುದಕ್ಕೂ, ಬಹಿರ್ದೆಸೆಗೂ ನಮ್ಮ ಜನ ನೆಲಕ್ಕೆ ಕುಳಿತೇ ಬಂದವರು. ಇಷ್ಟೂ ಕೆಲಸದ ಭಾರವನ್ನು ಹೊತ್ತು ಮಡಚುವ ಮುಖ್ಯವಾದ ಕೀಲು ಯಾವುದೆಂದರೆ ಚಪ್ಪೆಯ ಕೀಲು. ಈ ಕೀಲು ಮಡಚದೆ ಹೋದರೆ ನಮ್ಮಲ್ಲಿ ಒಬ್ಬ ಕೂಲಿಕಾರಳ ದಿನದ ದುಡಿಮೆಯೇ ನಿಂತುಹೋಗುತ್ತದೆ.

ಕೀಲಿನ ರಚನೆಯನ್ನು ತಿಳಿಯಲು ಮನೆಯ ಒರಳನ್ನು ನೆನೆದರೆ ಸಾಕು. ಒರಳಿನ ಕುಳಿಯಲ್ಲಿ ಗುಂಡುಕಲ್ಲು ಎತ್ತ ಬೇಕಾದರತ್ತ ಹೊರಳುವಂತೆ, ಸೊಂಟದ ಎಲುಬಿನ ಹೊರಮೈಯಲ್ಲಿರುವ ಬಟ್ಟಲಿನಲ್ಲಿ ತೊಡೆಮೂಳೆಯ ದುಂಡನೆಯ ತಲೆಯು ಹೊರಳುತ್ತದೆ. ತಲೆಯ ಕೆಳಗೆ ಮೂಳೆಯು ಕಿರಿದಾಗಿ ಕುತ್ತಿಗೆಯಾಗುತ್ತದೆ. ಈ ಕುತ್ತಿಗೆ ಸಣ್ಣದಾಗಿರುವುದಕ್ಕೆ ಅರ್ಥವಿದೆ. ಒರಳಿನ ಗುಂಡನ್ನು ವಾಲಿಸಿದಾಗ ಅದರ ಕುತ್ತಿಗೆ ದಪ್ಪವಾಗಿದ್ದರೆ ಕುಳಿಯ ಅಂಚಿಗೆ ಬಡಿಯುತ್ತದಷ್ಟೆ? ತೊಡೆಯನ್ನು ಹೊಟ್ಟೆಯತ್ತ ಮಡಚಿದಾಗಲೂ ಹಾಗೆಯೇ. ಕುತ್ತಿಗೆಗೂ ಬಟ್ಟಲಿನ ಮುಂದಣ ಅಂಚಿಗೂ ನಡುವೆ ತೆರಪು ಉಳಿಯಬೇಕು. ರೋಮನರು ಊಟದ ಮೇಜಿನ ಮೇಲೆ ವಿನೆಗರ್ ತುಂಬಿ ಇಡುತ್ತಿದ್ದ ಪುಟ್ಟ ಬಟ್ಟಲಿಗೆ ಅಸೆಟಾಬುಲಮ್ ಎಂದು ಹೆಸರಿತ್ತು. ಅಂಗರಚನಾಶಾಸ್ತ್ರಜ್ಞರು ಅದೇ ಹೆಸರನ್ನು ಚಪ್ಪೆಯ ಬಟ್ಟಲಿಗೆ ಇಟ್ಟಿದ್ದಾರೆ. ಬಟ್ಟಲಿನ ಅಂಚಿನ ಸುತ್ತ ಮೆತ್ತನೆಯ, ಆದರೆ ಬಲವಾದ ಒಂದು ಕಟ್ಟು ಇದೆ. ಅದು ತುಟಿಯಂತೆ ತಲೆಯನ್ನು ಅಪ್ಪಿ ಹಿಡಿದು ಕೀಲಿನೊಳಗಿನ ದ್ರವ ಹೊರಗೆ ಜಾರದಂತೆ ಕಾಯುತ್ತದೆ. ಅದನ್ನು ಲೇಬ್ರಮ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೂ ತುಟಿಯೆಂದೇ ಅರ್ಥ.

ಈ ಬಟ್ಟಲು ಹುಟ್ಟುವಾಗಲೇ ಪೂರ್ಣವಾಗಿ ಬರುವುದಿಲ್ಲ. ಮೇಲಿನ ಇಲಿಯಂ, ಹಿಂಬದಿಯ ಇಸ್ಕಿಯಂ, ಮುಂದಣ ಪ್ಯೂಬಿಸ್ ಎಂಬ ಮೂರು ಎಲುಬುಗಳು ಬಟ್ಟಲಿನ ತಳದಲ್ಲಿ, ಮೂರು ಹಾದಿಗಳು ಒಂದು ಕೂಟದಲ್ಲಿ ಸೇರುವಂತೆ ಸೇರುತ್ತವೆ. ಬಾಲ್ಯದಲ್ಲಿ ಆ ಕೂಟವೆಲ್ಲ ಮೃದ್ವಸ್ಥಿ. ಹರೆಯ ಬರುತ್ತಿರುವಂತೆ ಮೃದ್ವಸ್ಥಿಯು ಮೂಳೆಯಾಗಿ ಮೂರೂ ಒಂದಾಗುತ್ತವೆ. ಹುಡುಗಿಯರಲ್ಲಿ ಇದು ತುಸು ಮೊದಲು, ಹುಡುಗರಲ್ಲಿ ತುಸು ತಡ. ಆದರೆ ಬಟ್ಟಲಿನ ಕಥೆ ಅಲ್ಲಿಗೆ ಮುಗಿಯದು. ಅದರ ಅಂಚನ್ನು ಕಟ್ಟಲು ಬೇರೆಯೇ ಮೂಳೆಬೀಜಗಳು ಹುಟ್ಟುತ್ತವೆ. ಅವುಗಳಲ್ಲಿ ಮುಖ್ಯವಾದುದು ಪ್ಯೂಬಿಸ್‌ನ ಕಡೆಯದು. ಅದರ ಹೆಸರು ಆಸ್ ಅಸೆಟಾಬುಲಿ, ಅಂದರೆ ಬಟ್ಟಲಿನ ಮೂಳೆ. ಸುಮಾರು ೮ನೆಯ ವಯಸ್ಸಿನಲ್ಲಿ ಮೂಡಿ, ಬಟ್ಟಲಿನ ಮುಂದಣ ಗೋಡೆಯ ಬಹುಭಾಗವನ್ನು ಕಟ್ಟಿ, ಸುಮಾರು ೧೮ನೆಯ ವಯಸ್ಸಿನ ಹೊತ್ತಿಗೆ ಉಳಿದ ಎಲುಬಿನೊಡನೆ ಬೆರೆತುಹೋಗುತ್ತದೆ. ಈ ಬೆಳವಣಿಗೆಯ ಕ್ರಮವನ್ನು ಅಮೆರಿಕದ ಅಯೋವಾದಲ್ಲಿದ್ದ ವೈದ್ಯ ಇಗ್ನಾಸಿಯೋ ಪೊನ್ಸೆಟಿಯವರು ೧೯೭೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿಶದವಾಗಿ ವರ್ಣಿಸಿದ್ದಾರೆ. ಹುಟ್ಟಿನಿಂದಲೇ ಪಾದ ತಿರುಚಿಕೊಂಡಿರುವ ಶಿಶುಗಳಿಗೆ ನಮ್ಮ ಆಸ್ಪತ್ರೆಗಳಲ್ಲಿ ಇಂದು ವಾರವಾರವೂ ಪ್ಲಾಸ್ಟರ್ ಹಾಕಿ ನೇರ್ಪಡಿಸುವ ಕ್ರಮವೂ ಇದೇ ಪೊನ್ಸೆಟಿಯವರದು.

ಅಂತೂ ಈ ಲೇಖನವನ್ನು ಓದುತ್ತಿರುವ ಪ್ರೌಢಶಾಲೆಯ ವಿದ್ಯಾರ್ಥಿಗಳಲ್ಲಿ ಅನೇಕರ ಚಪ್ಪೆಯ ಬಟ್ಟಲು ಇನ್ನೂ ಕಟ್ಟಡದ ಹಂತದಲ್ಲಿಯೇ ಇದೆಯೆನ್ನಬಹುದು!

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಇಪ್ಪತ್ತೈದು ಮೂವತ್ತರ ಪ್ರಾಯದ ಒಬ್ಬನಿಗೆ ತೊಡೆಸಂದಿನಲ್ಲಿ ನೋವು. ಕ್ಷ-ಕಿರಣ ಚಿತ್ರ ತೆಗೆದಾಗ ಬಟ್ಟಲಿನ ಮುಂದಣ ಮೇಲಂಚಿನಲ್ಲಿ ಒಂದು ಸಣ್ಣ ಮೂಳೆಚೂರು ಪ್ರತ್ಯೇಕವಾಗಿ ಕಾಣುತ್ತದೆ. ಇದೇನು? ಹದಿನೆಂಟಕ್ಕೆ ಬೆಸೆದುಕೊಳ್ಳಬೇಕಾಗಿದ್ದ ಮೂಳೆಬೀಜವು ಬೆಸೆಯದೆ ಹಾಗೆಯೇ ಉಳಿದುಬಿಟ್ಟಿತೆ? ಅಥವಾ ಬೆಸೆದು ಗಟ್ಟಿಯಾಗಿದ್ದ ಅಂಚು ಆಮೇಲೆ ಒಡೆಯಿತೆ? ಬಹುಕಾಲ ವೈದ್ಯರು ಮೊದಲನೆಯ ಉತ್ತರದಲ್ಲಿಯೇ ತೃಪ್ತರಾಗಿದ್ದರು. ಇಂಥ ಚೂರು ಯಾವುದು ಕಂಡರೂ ಆಸ್ ಅಸೆಟಾಬುಲಿ ಎಂದು ಬರೆದು ಮುಗಿಸುತ್ತಿದ್ದರು. ಹೆಸರೊಂದು ಸಿಕ್ಕಿದ ಕೂಡಲೇ ವಿಚಾರ ನಿಂತುಹೋಗುವುದು ವಿಜ್ಞಾನದಲ್ಲಿಯೂ ಅಪರೂಪವಲ್ಲ.

ಎರಡನೆಯ ಉತ್ತರಕ್ಕೆ ದಾರಿ ತೆರೆದದ್ದು ಒಂದು ಸರಳವಾದ ಯಾಂತ್ರಿಕ ವಿಚಾರ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಬಾಸ್ಟನ್ ನಗರದಲ್ಲಿ ಶಸ್ತ್ರವೈದ್ಯರಾಗಿದ್ದ ಸ್ಮಿತ್-ಪೀಟರ್ಸನ್ ಎಂಬುವರು ೧೯೩೬ರಲ್ಲಿಯೇ, ಚಪ್ಪೆಯ ನೋವಿಗೆ ತೊಡೆಮೂಳೆಯ ಕುತ್ತಿಗೆಯು ಬಟ್ಟಲಿನ ಮುಂದಣ ಅಂಚಿಗೆ ತಾಕುವುದೇ ಕಾರಣವಾಗಿರಬಹುದೆಂದು ಊಹಿಸಿ, ಆ ಅಂಚನ್ನು ಕೆತ್ತಿ ತೆಗೆಯುವ ಶಸ್ತ್ರಕ್ರಿಯೆಯನ್ನು ವರ್ಣಿಸಿದ್ದರು. ಕೆಲವೇ ವರ್ಷಗಳಲ್ಲಿ ಅವರು ಲೋಹದ ಬಟ್ಟಲನ್ನು ಕೀಲಿನಲ್ಲಿ ಕೂರಿಸುವ ಪ್ರಯೋಗಗಳತ್ತ ತಿರುಗಿದುದರಿಂದ ಈ ಊಹೆ ಹಿಂದೆ ಬಿದ್ದಿತು. ಅದು ಮತ್ತೆ ತಲೆಯೆತ್ತಿದುದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ. ಅಲ್ಲಿನ ರೈನ್‌ಹೋಲ್ಡ್ ಗಾಂಜ್ ಮತ್ತು ಅವರ ಸಹೋದ್ಯೋಗಿಗಳು ತೊಡೆಮೂಳೆಯ ತಲೆಗೆ ರಕ್ತ ಒಯ್ಯುವ ನಾಳಕ್ಕೆ ಧಕ್ಕೆಯಾಗದಂತೆ ಆ ತಲೆಯನ್ನು ಬಟ್ಟಲಿನಿಂದ ಹೊರತೆಗೆದು ನೋಡುವ ವಿಧಾನವೊಂದನ್ನು ರೂಪಿಸಿ, ೨೦೦೧ರಲ್ಲಿ ೨೧೩ ಕೀಲುಗಳ ಅನುಭವವನ್ನು ಪ್ರಕಟಿಸಿದರು. ಹೀಗೆ ಕೀಲನ್ನು ತೆರೆದಿಟ್ಟು, ಕಾಲನ್ನು ಮಡಚಿ ತಿರುಗಿಸಿ, ಎಲ್ಲಿ ಏನು ತಾಕುತ್ತದೆಂಬುದನ್ನು ಕಣ್ಣಾರೆ ಕಾಣುವುದು ಸಾಧ್ಯವಾಯಿತು. ತಾಕುವ ಸ್ಥಳದಲ್ಲಿಯೇ ಲೇಬ್ರಮ್ ಹರಿದಿರುತ್ತಿತ್ತು. ಅದರ ಪಕ್ಕದ ಮೃದ್ವಸ್ಥಿಯೇ ಕಿತ್ತು ಬಂದಿರುತ್ತಿತ್ತು. ೨೦೦೩ರಲ್ಲಿ ಗಾಂಜ್ ಅವರ ತಂಡವು ಈ ತಾಕುವಿಕೆಯು ಚಪ್ಪೆಯ ಸಂಧಿವಾತಕ್ಕೆ ಒಂದು ಕಾರಣವೆಂದು ವಾದಿಸಿತು. ಇಂಗ್ಲಿಷಿನಲ್ಲಿ ಇದಕ್ಕೆ ಇಂಪಿಂಜ್‌ಮೆಂಟ್ ಎಂದು ಹೆಸರು.

ತಾಕುವುದು ಎರಡು ಬಗೆಯಾಗಿ. ತಲೆ ಮತ್ತು ಕುತ್ತಿಗೆ ಕೂಡುವಲ್ಲಿ ಮೂಳೆ ಉಬ್ಬಿಕೊಂಡು ತಲೆಯು ಪೂರ್ಣ ದುಂಡಾಗಿರದಿದ್ದರೆ, ಆ ಉಬ್ಬು ಬಟ್ಟಲೊಳಕ್ಕೆ ನುಗ್ಗುವಾಗಲೆಲ್ಲ ಅಂಚಿನ ಮೃದ್ವಸ್ಥಿಯನ್ನು ಒರೆಸಿ ಒತ್ತುತ್ತದೆ. ಯಂತ್ರಗಳಲ್ಲಿ ತಿರುಗುತ್ತ ತಿರುಗುತ್ತ ಇನ್ನೊಂದು ಭಾಗವನ್ನು ತಳ್ಳುವ ಕ್ಯಾಮ್ ಎಂಬ ಅಂಡಾಕಾರದ ತುಂಡಿನಂತೆ ಇದು ವರ್ತಿಸುವುದರಿಂದ ಇದಕ್ಕೆ ಕ್ಯಾಮ್ ಬಗೆಯೆಂದು ಕರೆದಿದ್ದಾರೆ. ಹಾಗಲ್ಲದೆ ತೊಡೆಮೂಳೆ ಸರಿಯಾಗಿದ್ದು ಬಟ್ಟಲಿನ ಅಂಚೇ ಅತಿಯಾಗಿ ಮುಂದಕ್ಕೆ ಚಾಚಿದ್ದರೆ, ಕುತ್ತಿಗೆಯು ಬಂದು ಅಂಚಿಗೆ ಬಡಿದು ನಡುವಿನ ಲೇಬ್ರಮ್ ಇಕ್ಕಳಕ್ಕೆ ಸಿಕ್ಕಿದಂತೆ ನಲುಗುತ್ತದೆ. ಇದು ಇಕ್ಕಳದ ಬಗೆ. ಅನೇಕರಲ್ಲಿ ಎರಡೂ ಕೂಡಿರುತ್ತವೆ.

ಉಬ್ಬು ಮೂಳೆಯು ವರ್ಷಗಟ್ಟಲೆ ದಿನಕ್ಕೆ ನೂರಾರು ಸಲ ಅಂಚಿಗೆ ಒತ್ತಿದರೆ ಅಂಚು ಏನಾಗಬೇಕು? ತಂತಿಯನ್ನು ಮತ್ತೆ ಮತ್ತೆ ಬಾಗಿಸಿದರೆ ಒಂದು ದಿನ ಮುರಿಯುವಂತೆ, ಅದೂ ಬಳಲಿ ಬಿರುಕು ಬಿಡಬಹುದು. ೨೦೦೬ರಲ್ಲಿ ಮಾರ್ಟಿನೆಜ್ ಮತ್ತು ಸಂಗಡಿಗರು ಈ ತಾಕುವಿಕೆಗೆ ಚಿಕಿತ್ಸೆ ಪಡೆದ ೪೯೫ ಜನರ ದಾಖಲೆಗಳನ್ನು ಪರಿಶೀಲಿಸಿ, ೧೫ ಜನರ ೧೮ ಕೀಲುಗಳಲ್ಲಿ ಅಂಚಿನ ದೊಡ್ಡ ಚೂರನ್ನು ಕಂಡರು. ಅವರ ಗಮನ ಹೋದದ್ದು ಚೂರಿಗೂ ಬಟ್ಟಲಿಗೂ ನಡುವಣ ಗೆರೆಯ ದಿಕ್ಕಿನ ಮೇಲೆ. ಮೂಳೆಬೀಜವು ಬೆಸೆಯದೆ ಉಳಿದುದಾದರೆ ಆ ಗೆರೆಯು ಹಳೆಯ ಬೆಳವಣಿಗೆಯ ಪದರದ ಗೆರೆಯೇ ಆಗಿರಬೇಕು. ಅದು ಬಟ್ಟಲಿನ ಒಳಮೈಗೆ ಹೆಚ್ಚುಕಡಿಮೆ ಸಮಾಂತರವಾಗಿ ಹೋಗಬೇಕು. ಬಿರುಕಾದರೆ ಒಳಮೈಗೆ ಅಡ್ಡವಾಗಿ, ಲಂಬವಾಗಿ ಸೀಳಿರಬೇಕು. ತಾಕುವಿಕೆಯ ರೋಗಿಗಳಲ್ಲಿ ಕಂಡ ಚೂರುಗಳು ಎರಡನೆಯ ಬಗೆಗೆ ಹೊಂದಿದುವು. ಎಷ್ಟು ಸೊಗಸಾದ ತರ್ಕ! ಮುರಿದ ಮಡಕೆಯ ಅಂಚನ್ನು ನೋಡಿ, ಅದು ಕುಂಬಾರನ ಕೈಯಲ್ಲಿ ಬೆಸೆಯದೆ ಉಳಿದ ಸಂದೋ ಆಮೇಲೆ ಬಿದ್ದ ಪೆಟ್ಟೋ ಎಂದು ಹೇಳುವಂತೆ ಇದು.

ಇವೆರಡೇ ಅಲ್ಲ. ಲೇಬ್ರಮ್ ಒಳಗೇ ಸುಣ್ಣದಂಶ ಕೂಡಿ ಗಟ್ಟಿಯಾಗಿ ಚೂರಿನಂತೆ ತೋರುವುದುಂಟು. ಬಟ್ಟಲು ಹುಟ್ಟಿನಿಂದಲೇ ಆಳ ಸಾಲದೆ ಇದ್ದರೆ, ದೇಹದ ಭಾರವೆಲ್ಲ ಅಂಚಿನ ಕಿರಿದಾದ ಪಟ್ಟಿಯ ಮೇಲೆ ಬಿದ್ದು ಅಲ್ಲಿ ಬಿರುಕು ಬರುವುದೂ ಉಂಟು. ಚೆಂಡನ್ನು ಬಲವಾಗಿ ಒದೆಯುವ ಹುಡುಗರಲ್ಲಿ ಬಟ್ಟಲಿನ ಮೇಲ್ಗಡೆಯ ಎಲುಬಿನ ಕೋಡನ್ನು ತೊಡೆಯ ಸ್ನಾಯು ಕಿತ್ತು ತೆಗೆಯುವುದೂ ಅಪರೂಪವಲ್ಲ.

ಇಷ್ಟು ಸೂಕ್ಷ್ಮವಾಗಿ ವಿಂಗಡಿಸುವುದು ಏಕೆ, ಚೂರು ನೋಯಿಸಿದರೆ ತೆಗೆದುಹಾಕಿದರಾಯಿತು ಎಂದು ಯಾರಾದರೂ ಕೇಳಬಹುದು. ಅಪಾಯವಿರುವುದು ಅಲ್ಲಿಯೇ. ಆ ಚೂರು ಬಟ್ಟಲಿನ ಛಾವಣಿಯ ಒಂದು ಭಾಗವೂ ಆಗಿರಬಹುದು. ಸ್ವೀಡನ್ನಿನ ವೀಬರ್ಗ್ ಎಂಬುವರು ೧೯೩೯ರಲ್ಲಿ ಈ ಛಾವಣಿಯನ್ನು ಅಳೆಯುವ ಒಂದು ಕೋನವನ್ನು ಸೂಚಿಸಿದರು. ತೊಡೆಮೂಳೆಯ ತಲೆಯ ಕೇಂದ್ರದಿಂದ ನೆಟ್ಟಗೆ ಮೇಲಕ್ಕೊಂದು ಗೆರೆ, ಬಟ್ಟಲಿನ ಹೊರ ಅಂಚಿಗೆ ಇನ್ನೊಂದು ಗೆರೆ ಎಳೆದರೆ, ನಡುವಣ ಕೋನ ೨೫ ಅಂಶಗಳಿಗಿಂತ ಹೆಚ್ಚಿದ್ದರೆ ಛಾವಣಿ ಸಾಕಷ್ಟಿದೆ. ೨೦ಕ್ಕಿಂತ ಕಡಿಮೆಯಿದ್ದರೆ ಸಾಲದು. ರೇಖಾಗಣಿತ ಬಲ್ಲ ಯಾವ ವಿದ್ಯಾರ್ಥಿಯೂ ಕೋನಮಾಪಕ ಹಿಡಿದು ಇದನ್ನು ಅಳೆಯಬಲ್ಲನು. ಈಗ ಚೂರನ್ನು ಸೇರಿಸಿಕೊಂಡು ಒಮ್ಮೆ, ಬಿಟ್ಟು ಇನ್ನೊಮ್ಮೆ ಅಳೆಯಬೇಕು. ಬಿಟ್ಟ ಮೇಲೂ ಛಾವಣಿ ಸಾಲುವಂತಿದ್ದರೆ ಚೂರನ್ನು ತೆಗೆಯಬಹುದು. ಸಾಲದಾದರೆ ತೆಗೆಯಕೂಡದು, ತಿರುಪುಮೊಳೆಯಿಂದ ಅದನ್ನು ಮತ್ತೆ ಬಟ್ಟಲಿಗೆ ಬಿಗಿಯಬೇಕು. ಆಳವಿಲ್ಲದ ಬಟ್ಟಲಿನ ಅಂಚನ್ನು ತಿಳಿಯದೆ ಕತ್ತರಿಸಿದರೆ ತಲೆಯು ಜಾರತೊಡಗಿ, ನೋವಿನಿಂದ ಬಂದವನು ಅಂಗವಿಕಲನಾಗಿ ಹಿಂದಿರುಗಬಹುದು. ನೋಡಲು ಒಂದೇ ಬಗೆಯ ಚೂರು. ಚಿಕಿತ್ಸೆಗಳು ಮಾತ್ರ ಒಂದಕ್ಕೊಂದು ವಿರುದ್ಧ.

ಇನ್ನು ಕ್ಯಾಮ್ ಉಬ್ಬು ಬರುವುದೆಲ್ಲಿಂದ? ನೆದರ್ಲೆಂಡ್ಸಿನ ಅಗ್ರಿಕೋಲಾ ಮತ್ತು ಸಂಗಡಿಗರು ವೃತ್ತಿಪರ ಫುಟ್ಬಾಲಿಗೆ ಸಿದ್ಧರಾಗುತ್ತಿದ್ದ ೧೨ರಿಂದ ೧೯ ವರ್ಷದ ಹುಡುಗರ ಚಿತ್ರಗಳನ್ನು ಎರಡು ವರ್ಷಗಳ ಅಂತರದಲ್ಲಿ ತೆಗೆದು ೨೦೧೪ರಲ್ಲಿ ಫಲಿತಾಂಶ ಪ್ರಕಟಿಸಿದರು. ತೊಡೆಮೂಳೆಯ ತಲೆಯ ಬೆಳವಣಿಗೆಯ ಪದರ ಇನ್ನೂ ತೆರೆದಿದ್ದವರಲ್ಲಿ ಉಬ್ಬು ಬೆಳೆಯಿತು. ಪದರ ಮುಚ್ಚಿಹೋಗಿದ್ದವರಲ್ಲಿ ಬೆಳೆಯಲಿಲ್ಲ. ಇದಕ್ಕೂ ಮೊದಲು, ೨೦೧೧ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸ್ಕೆಟ್‌ಬಾಲ್ ಆಟಗಾರರಲ್ಲಿಯೂ ಆಡದವರಿಗಿಂತ ಇಂಥ ಉಬ್ಬು ಬಹಳ ಹೆಚ್ಚಾಗಿ ಕಂಡಿತ್ತು. ಬೆಳೆಯುವ ಮೂಳೆ ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ಆಕಾರ ತಾಳುತ್ತದೆ. ಹದಿಮೂರು ಹದಿನಾಲ್ಕರ ಹುಡುಗನನ್ನು ವರ್ಷವಿಡೀ ಬಿಡುವಿಲ್ಲದೆ ಕುಸ್ತಿಗೋ ಕಬಡ್ಡಿಗೋ ಓಟಕ್ಕೋ ತರಬೇತು ಮಾಡುವ ಉಸ್ತಾದರು ಈ ಸಂಗತಿಯನ್ನು ಅರಿತಿದ್ದರೆ ಒಳ್ಳೆಯದು. ಆಟ ಬೇಡವೆಂದಲ್ಲ, ವಾರದಲ್ಲಿ ಬಿಡುವಿನ ದಿನಗಳು ಬೇಕು, ತೊಡೆಸಂದಿನ ನೋವನ್ನು ಹೇಡಿತನವೆಂದು ಜರೆಯುವುದು ಬೇಡ.

ಹಾಗಾದರೆ ನೆಲಕ್ಕೆ ಕುಳಿತು ದುಡಿಯುವ ನಮ್ಮ ಜನರೆಲ್ಲರ ಚಪ್ಪೆಯೂ ಕೆಟ್ಟಿರಬೇಕಲ್ಲವೆ? ಕೆಟ್ಟಿಲ್ಲ. ೧೯೬೭ರಲ್ಲಿಯೇ ಮುಖೋಪಾಧ್ಯಾಯ ಮತ್ತು ಬರೂವಾ ಎಂಬ ಭಾರತೀಯ ವೈದ್ಯರು ನಮ್ಮವರಲ್ಲಿ ಚಪ್ಪೆಯ ಸಂಧಿವಾತದ ಸಮಸ್ಯೆಯನ್ನು ಅಂಗರಚನೆಯ ದೃಷ್ಟಿಯಿಂದ ವಿಚಾರ ಮಾಡಿದ್ದರು. ೨೦೦೨ರಲ್ಲಿ ಪ್ರಕಟವಾದ ಬೀಜಿಂಗ್ ನಗರದ ಅಧ್ಯಯನವಂತೂ, ಕುಕ್ಕರುಗಾಲಿನಲ್ಲಿ ಕೂಡ್ರುವುದು ರೂಢಿಯಾಗಿರುವ ಚೀನದ ವೃದ್ಧರಲ್ಲಿ ಚಪ್ಪೆಯ ಸಂಧಿವಾತವು ಅಮೆರಿಕದ ಬಿಳಿಯರಿಗಿಂತ ಶೇಕಡ ೮೦ರಿಂದ ೯೦ರಷ್ಟು ಕಡಿಮೆಯೆಂದು ತೋರಿಸಿತು. ಕುಳಿತುಕೊಳ್ಳುವುದು ತಾನೇ ದೋಷವಲ್ಲ. ತೊಡೆಮೂಳೆ ದುಂಡಾಗಿದ್ದು ಕುತ್ತಿಗೆ ಸಣ್ಣದಾಗಿದ್ದರೆ ಕೀಲು ಪೂರ್ಣ ಮಡಚಿದರೂ ತೆರಪು ಉಳಿಯುತ್ತದೆ. ಇನ್ನೊಂದು ವಿಷಯವಿದೆ: ನೆಲಕ್ಕೆ ಕುಳಿತವರ ನಡುವು ಹಿಂದಕ್ಕೆ ಬಾಗಿ ಸೊಂಟದ ಎಲುಬೇ ಹಿಂದಕ್ಕೆ ಹೊರಳಿಕೊಳ್ಳುತ್ತದೆ, ಅದರೊಡನೆ ಬಟ್ಟಲಿನ ಮುಂದಣ ಅಂಚೂ ತೊಡೆಯಿಂದ ದೂರ ಸರಿಯುತ್ತದೆ. ನಗರದ ವ್ಯಾಯಾಮಶಾಲೆಗಳಲ್ಲಿ ಹೆಗಲ ಮೇಲೆ ಭಾರ ಹೊತ್ತು, ಬೆನ್ನು ಸೆಟೆದು ಕೂತೇಳುವಾಗ ಈ ಅನುಕೂಲ ಇರುವುದಿಲ್ಲ. ಉಬ್ಬು ಈಗಾಗಲೇ ಇರುವವನಿಗೆ ಮಾತ್ರ ಪ್ರತಿಯೊಂದು ಕುಳಿತೇಳುವಿಕೆಯೂ ಒಂದು ಪೆಟ್ಟು.

ಆಕಾರವನ್ನು ಬಿಟ್ಟು ಅಭ್ಯಾಸದ ಮೇಲೆ ತಪ್ಪು ಹೊರಿಸುವುದು ಎಂಥ ದಾರಿ ತಪ್ಪಿಸೀತೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಅದು ಕಲಬುರಗಿಯಿಂದ ಬಹು ದೂರದ ಮಲೆನಾಡಿನದು. ೧೯೭೫ರ ಸುಮಾರಿಗೆ ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡು ಗ್ರಾಮದಲ್ಲಿ ದಲಿತ ಕೃಷಿಕಾರ್ಮಿಕರ ಕುಟುಂಬಗಳಲ್ಲಿ ಚಪ್ಪೆ ಮತ್ತು ಮೊಣಕಾಲುಗಳ ನೋವಿನಿಂದ ನಡೆಯಲಾರದವರು ಹಲವರಿರುವುದು ಬೆಳಕಿಗೆ ಬಂದಿತು. ಮೊದಲು ಶಂಕೆ ಹೋದದ್ದು ಅವರ ಬಡತನದ ಆಹಾರದ ಮೇಲೆ. ಕೀಟನಾಶಕ ಬಿದ್ದ ಗದ್ದೆಯ ಏಡಿಗಳನ್ನು ತಿಂದುದರಿಂದ ಹೀಗಾಯಿತೆಂದೂ ಹೇಳಿದವರಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ಪರೀಕ್ಷಿಸಿದರು. ಮುಂದಿನ ಅಧ್ಯಯನಗಳಲ್ಲಿ, ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿದುಬರುವ, ಮೂಳೆಗಳ ತುದಿಯ ಬೆಳವಣಿಗೆಯ ದೋಷವೆಂದು ತಿಳಿದುಬಂದಿತು. ಹಂದಿಗೋಡಿನ ಕಾಯಿಲೆಯೂ ನಾವು ಮೇಲೆ ವರ್ಣಿಸಿದ ತಾಕುವಿಕೆಯೂ ಒಂದೇ ಅಲ್ಲ. ಆದರೆ ಅಲ್ಲಿಯೂ ಕೀಲನ್ನು ಅಕಾಲದಲ್ಲಿ ಸವೆಸಿದ್ದು, ಬೆಳೆಯುವ ಪ್ರಾಯದಲ್ಲಿ ಸರಿಯಾದ ಆಕಾರಕ್ಕೆ ಬಾರದ ಮೂಳೆ.

ರೋಗಿಯ ಲಕ್ಷಣಗಳೇನು? ಬಹುಹೊತ್ತು ಕುಳಿತೆದ್ದಾಗ, ಮೋಟಾರು ಸೈಕಲ್ಲಿನಿಂದ ಇಳಿಯುವಾಗ, ಚಕ್ಕಳಮಕ್ಕಳ ಹಾಕುವಾಗ ತೊಡೆಸಂದಿನಲ್ಲಿ ಚಳುಕು. ಎಲ್ಲಿ ನೋವೆಂದು ಕೇಳಿದರೆ ಒಂದು ಬೆರಳಿನಿಂದ ತೋರಿಸುವುದಿಲ್ಲ; ಹೆಬ್ಬೆರಳನ್ನು ಹಿಂದಕ್ಕೂ ಉಳಿದ ಬೆರಳುಗಳನ್ನು ಮುಂದಕ್ಕೂ ಇಟ್ಟು ಚಪ್ಪೆಯನ್ನೇ ಹಿಡಿದು ತೋರಿಸುತ್ತಾನೆ. ವೈದ್ಯರು ಅವನನ್ನು ಅಂಗಾತ ಮಲಗಿಸಿ, ತೊಡೆಯನ್ನು ೯೦ ಅಂಶ ಮಡಚಿ, ಇನ್ನೊಂದು ಕಾಲಿನ ಕಡೆಗೆ ಸರಿಸಿ ಒಳಕ್ಕೆ ತಿರುಗಿಸಿದಾಗ ಅದೇ ನೋವು ಮರುಕಳಿಸುತ್ತದೆ. ಆದರೆ ಇದರಿಂದಲೇ ನಿರ್ಧಾರವಾಗದು. ಹದಿಹರೆಯದವರ ಚಪ್ಪೆಯ ನೋವಿಗೆ ಕ್ಷಯ, ತೊಡೆಮೂಳೆಯ ತಲೆ ಜಾರುವುದು, ತಲೆಗೆ ರಕ್ತ ಸಾಲದೆ ಅದು ಕುಸಿಯುವುದು ಮುಂತಾದ ಹೆಚ್ಚು ಭೀಕರವಾದ ಕಾರಣಗಳೂ ಇವೆ. ಜ್ವರ, ರಾತ್ರಿಯ ನೋವು, ತೂಕ ಇಳಿಯುವುದು ಕಂಡರೆ ತಡಮಾಡಬಾರದು. ತಲೆ ಜಾರಿದ ಹುಡುಗನು ಅನೇಕ ವೇಳೆ ಚಪ್ಪೆಯನ್ನು ಹಿಡಿಯದೆ ಮೊಣಕಾಲು ನೋವೆಂದೇ ಹೇಳುತ್ತಾನೆ, ಏಕೆಂದರೆ ಎರಡು ಕೀಲುಗಳಿಗೂ ಕವಲು ಕೊಡುವ ನರ ಒಂದೇ. ಮೊಣಕಾಲಿನ ಚಿತ್ರ ತೆಗೆದು ಏನೂ ಇಲ್ಲವೆಂದು ಎಣ್ಣೆ ತಿಕ್ಕಿಸಿ ಕಳಿಸಿದರೆ ಅಮೂಲ್ಯವಾದ ವಾರಗಳು ಕಳೆದುಹೋಗುತ್ತವೆ.

ಚಿತ್ರದಲ್ಲಿ ಉಬ್ಬು ಕಂಡ ಮಾತ್ರಕ್ಕೆ ಹೆದರುವುದೂ ಬೇಡ. ೨೦೧೫ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು, ನೋವೇ ಇಲ್ಲದ ಎರಡು ಸಾವಿರಕ್ಕೂ ಹೆಚ್ಚು ಕೀಲುಗಳ ವರದಿಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಶೇಕಡ ೩೭ರಷ್ಟರಲ್ಲಿ ಕ್ಯಾಮ್ ಆಕಾರವಿದ್ದುದನ್ನು ತೋರಿಸಿತು. ಆದುದರಿಂದಲೇ ೨೦೧೬ರಲ್ಲಿ ಇಂಗ್ಲೆಂಡಿನ ವಾರಿಕ್‌ನಲ್ಲಿ ಸೇರಿದ ಅನೇಕ ದೇಶಗಳ ತಜ್ಞರು, ನೋವು, ಪರೀಕ್ಷೆಯ ಲಕ್ಷಣ, ಚಿತ್ರ ಈ ಮೂರೂ ಕೂಡಿದರೆ ಮಾತ್ರ ಇದನ್ನು ರೋಗವೆನ್ನಬೇಕೆಂದು ಒಪ್ಪಿದರು.

ಚಿಕಿತ್ಸೆಯ ವಿಷಯದಲ್ಲಿ ೨೦೧೮ರ ಬ್ರಿಟಿಷ್ ಪ್ರಯೋಗವೊಂದು ಗಮನಾರ್ಹವಾದುದು. ೨೩ ಆಸ್ಪತ್ರೆಗಳ ೩೪೮ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ದುರ್ಬೀನು ನಳಿಗೆಯ ಮೂಲಕ ಉಬ್ಬನ್ನು ಕೆತ್ತುವ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ವ್ಯಾಯಾಮ ಚಿಕಿತ್ಸೆ ಕೊಟ್ಟರು. ನೂರಕ್ಕೆ ಇಷ್ಟೆಂದು ಕೀಲಿನ ಸುಖವನ್ನು ಅಳೆಯುವ ಪ್ರಶ್ನಾವಳಿಯಲ್ಲಿ ವರ್ಷದ ಕೊನೆಗೆ ಮೊದಲ ಗುಂಪು ೩೯ರಿಂದ ೫೯ಕ್ಕೆ, ಎರಡನೆಯದು ೩೬ರಿಂದ ೫೦ಕ್ಕೆ ಏರಿದುವು. ಎರಡರಿಂದಲೂ ಲಾಭವಾಯಿತು, ಶಸ್ತ್ರಕ್ರಿಯೆಯಿಂದ ತುಸು ಹೆಚ್ಚು. ನೂರಕ್ಕೆ ನೂರು ಯಾವ ಗುಂಪಿಗೂ ಬರಲಿಲ್ಲ.

ವ್ಯಾಯಾಮ ಚಿಕಿತ್ಸೆಯಲ್ಲಿ ಪೃಷ್ಠ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವುದು ಒಂದು ಭಾಗವಾದರೆ, ಕೀಲನ್ನು ತಾಕುವ ಭಂಗಿಗೆ ಕೊಂಡೊಯ್ಯದಿರುವುದು ಇನ್ನೊಂದು. ಲಂಡನ್ನಿನ ಗುಮಾಸ್ತನಿಗೆ ಕುಕ್ಕರುಗಾಲಿನಲ್ಲಿ ಕೂಡ್ರಬೇಡವೆಂದು ಹೇಳುವುದು ಸುಲಭ. ಜೇವರ್ಗಿಯ ತೊಗರಿ ಹೊಲದಲ್ಲಿ ಅದೇ ಮಾತು ಕೂಲಿ ಬಿಡು ಎಂದಂತೆ. ಇಲ್ಲಿ ವೈದ್ಯರು ಕೆಲಸದ ವಿವರವನ್ನೇ ಕೇಳಬೇಕಾಗುತ್ತದೆ. ಎತ್ತು ಕಟ್ಟಿ ಎಡೆಕುಂಟೆ ಹೊಡೆದರೆ ಸಾಲುಗಳ ನಡುವಣ ಕಳೆಯೆಲ್ಲ ಹೋಗಿ, ಗಿಡದ ಬುಡದಲ್ಲಿರುವಷ್ಟನ್ನು ಮಾತ್ರ ಕುಳಿತು ತೆಗೆಯುವುದು ಉಳಿಯುತ್ತದೆ. ನಿಂತೇ ಎಳೆಯುವ ಉದ್ದ ಹಿಡಿಯ ಕಳೆಗುದ್ದಲಿಯೂ ಇದೆ. ರೊಟ್ಟಿ ಬಡಿಯಲು ಮಣೆಯ ಬದಲು ಮೊಣಕಾಲೆತ್ತರದ ಪೀಠ, ಪಾಯಖಾನೆಯಲ್ಲಿ ಎತ್ತರದ ಆಸನ ಹಾಕಿಸಿಕೊಂಡರೆ ಕೀಲು ದಿನದಲ್ಲಿ ತಾಕುವ ಸಲಗಳು ಎಷ್ಟೋ ತಗ್ಗುತ್ತವೆ. ಇಷ್ಟಾದ ಮೇಲೂ ಮೂರು ನಾಲ್ಕು ತಿಂಗಳಲ್ಲಿ ನೋವು ಇಳಿಯದಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರ ತೆಗೆಸಿ, ಅಂಚಿನ ಚೂರಿನ ಗೆರೆ ಒಳಮೈಗೆ ಸಮಾಂತರವಾಗಿದೆಯೋ ಅಡ್ಡವಾಗಿದೆಯೋ, ಅದನ್ನು ಬಿಟ್ಟು ಅಳೆದರೆ ಛಾವಣಿಯ ಕೋನ ಎಷ್ಟು ಉಳಿಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಶಸ್ತ್ರವೈದ್ಯರಲ್ಲಿ ಕೇಳಬೇಕು.